ತೊಳೆಯದ ಒಂದು ರುದ್ರಾಕ್ಷಿ

ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷಿಗೆ ನಿವೃತ್ತಿ ಎಂಬುದಿಲ್ಲ. ಹಲ್ಲಿನ ಕೆಲಸ ಮುಗಿದ ಮೇಲೆ ಅದು ಬಾಚಣಿಗೆಯ ಸಂದಿಗೆ ಹೋಗುತ್ತದೆ, ಅಲ್ಲಿಂದ ಗ್ಯಾಸ್ ಸ್ಟೌವಿನ ಬರ್ನರಿಗೆ, ಕೊನೆಗೆ ಹವಾಯಿ ಚಪ್ಪಲಿಯ ಅಡಿಗೆ. ದೇವರ ಮನೆಗೆ ಮಾತ್ರ ಬೇರೆಯೇ ಒಂದು ಬ್ರಷ್ಷಿದೆ. ಅದು ಯಾರ ಹಲ್ಲನ್ನೂ ಕಂಡದ್ದಲ್ಲ, ಅಂಗಡಿಯಿಂದ ನೇರವಾಗಿ ದೀಪ, ಗಂಟೆ, ಆರತಿ ತಟ್ಟೆಗಳ ಸೇವೆಗೆ ಬಂದದ್ದು. ಈಗ ಆ ಬ್ರಷ್ಷು ನನ್ನ ಮುಂದೆ ಮೇಜಿನ ಮೇಲಿದೆ. ಪಕ್ಕದಲ್ಲಿ ಒಂದೇ ಒಂದು ರುದ್ರಾಕ್ಷಿ ಇದೆ. ಕಪ್ಪಗೆ, ಜಿಡ್ಡು ಜಿಡ್ಡಾಗಿ, ಸಂದಿಯಲ್ಲೆಲ್ಲ ವಿಭೂತಿ ಕೂತುಕೊಂಡಿರುವ ರುದ್ರಾಕ್ಷಿ. ಮೂರು ವಾರದಿಂದ ಇವೆರಡೂ ಹೀಗೆ ಎದುರುಬದುರು ಕೂತಿವೆ. ನನ್ನನ್ನು ಬಲ್ಲವರು ಯಾರಾದರೂ ನೋಡಿದರೆ ನನಗೆ ಮೈ ಸರಿಯಿಲ್ಲವೆಂದು ತಿಳಿದಾರು. ಮೈ ಸರಿಯಿರಲಿಲ್ಲ, ನಿಜ. ಅದನ್ನು ಆಮೇಲೆ ಹೇಳುತ್ತೇನೆ.

ಯಾಕೆಂದರೆ ನನಗೆ ತೊಳೆಯುವ ಹುಚ್ಚು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಎಲೆ ಅಡಿಕೆ, ನನಗೆ ಸೋಪು ನೀರು. ಹುಟ್ಟಿದ್ದೇ ಹೀಗೆ. ಮೂಡಿಗೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮಪ್ಪನ ಬಟ್ಟೆ ಅಂಗಡಿ ಇತ್ತು. ಅಂಗಡಿಯ ಗಲ್ಲಾದ ಪಕ್ಕದಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇತ್ತು. ಧೂಳು ಹಿಡಿದು ಅದರ ಮುಖವೇ ಕಾಣುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ ಅದನ್ನು ಹಿತ್ತಲಿಗೆ ಒಯ್ದು, ಬಟ್ಟೆ ಸೋಪು ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿ, ಎರಡು ಚೆಂಬು ನೀರು ಹುಯ್ದು, ತಂತಿಯ ಮೇಲೆ ನೇತು ಹಾಕಿದೆ. ಬಟ್ಟೆ ಕ್ಲಿಪ್ಪು ಕೂಡ ಸಿಕ್ಕಿಸಿದ್ದೆ. ಅಪ್ಪ ಬಂದು ನೋಡಿದವರು ಬೈಯಲಿಲ್ಲ. ಸಂಜೆ ವಾರ್ತೆಯ ಹೊತ್ತಿಗೆ ಅದು ಉಸಿರೆತ್ತದಿದ್ದಾಗ, ‘ವಾರ್ತೆ ಓದೋರಿಗೆ ನೆಗಡಿ ಆಗಿದೆ ಪುಟ್ಟಿ, ತಣ್ಣೀರು ಸ್ನಾನ ಮಾಡ್ಸಿದೀಯಲ್ಲ’ ಅಂದರು. ನಾನು ಅದನ್ನು ನಂಬಿ ಮಾರನೇ ದಿನ ರೇಡಿಯೋಕ್ಕೆ ಕಾಳುಮೆಣಸಿನ ಕಷಾಯ ಕುಡಿಸಲು ಹೊರಟಿದ್ದೆ. ಅಮ್ಮ ನೋಡಿ ತಪ್ಪಿಸಿದರು.

ನನ್ನ ಮದುವೆಯಲ್ಲಿ ಎಲ್ಲ ತಾಯಂದಿರು ಹೇಳುವ ಮಾತನ್ನು ನಮ್ಮಮ್ಮ ಹೇಳಲಿಲ್ಲ. ಬೀಗಿತ್ತಿಯ ಕೈ ಹಿಡಿದು, ‘ಒಂದು ಕಣ್ಣಿಟ್ಟಿರಿ, ಕಂಡಿದ್ದೆಲ್ಲ ತೊಳೀತಾಳೆ’ ಎಂದರು. ನಮ್ಮತ್ತೆ, ‘ತೊಳೀಲಿ ಬಿಡಿ, ನಮ್ಮನೇಲಿ ಪಾತ್ರೆಗೇನು ಕಮ್ಮಿಯಾ’ ಎಂದರಂತೆ. ಆ ಮಾತಿಗೆ ಅವರು ಎಷ್ಟು ಸಲ ಪಶ್ಚಾತ್ತಾಪ ಪಟ್ಟರೋ ಶಿವನೇ ಬಲ್ಲ.

ಆಲ್ದೂರಿನ ಪೇಟೆಯಲ್ಲಿ ನಮ್ಮ ಯಜಮಾನರದು ಗೊಬ್ಬರ ಮತ್ತು ಪೈಪಿನ ಅಂಗಡಿ. ಮನೆಯ ಹಿಂದೆ ನಾಲ್ಕೆಕರೆ ರೊಬಸ್ಟಾ ಕಾಫಿ. ಮನೆಗೂ ತೋಟಕ್ಕೂ ನಡುವೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಕಣಕ್ಕೆ ಎದುರಾಗಿ ಹಿಂದಿನ ಜಗಲಿ, ಜಗಲಿಯ ಮೇಲೆ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ನಮ್ಮತ್ತೆ, ಅತ್ತೆಯ ಕೈಯಲ್ಲಿ ಜಪಮಾಲೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಅವರ ಜಪ ಕೇಳುವುದೇ ಒಂದು ಸೊಗಸು. ‘ಓಂ ನಮಃ ಶಿವಾಯ, ಓಂ ನಮಃ ಶಿವಾಯ, ಹಾಲು ಉಕ್ತು ನೋಡು, ಓಂ ನಮಃ ಶಿವಾಯ, ಗೇಟಲ್ಲಿ ಯಾರದು, ಓಂ ನಮಃ ಶಿವಾಯ, ಆ ಮೂಲೆ ಕಾಫಿ ಮಗುಚಿಲ್ಲ ಗಿರಿಜಾ, ಓಂ ನಮಃ ಶಿವಾಯ.’ ನನಗೋ ಕಣದ ಕೆಲಸದ ಗಿರಿಜಳಿಗೋ ಹೇಳುವ ಈ ನಡುವಿನ ಮಾತಿಗೆ ಒಂದು ಮಣಿಯೂ ಜಾರುತ್ತಿರಲಿಲ್ಲ. ಶಿವನ ಲೆಕ್ಕ ಶಿವನಿಗೆ, ಹಾಲಿನ ಲೆಕ್ಕ ಹಾಲಿಗೆ.

ಆ ಮಾಲೆ ಅವರ ಅತ್ತೆಯಿಂದ ಅವರಿಗೆ ಬಂದದ್ದು. ನೂರಾಎಂಟು ಸಣ್ಣ ರುದ್ರಾಕ್ಷಿ, ತಲೆಯಲ್ಲಿ ಒಂದು ದೊಡ್ಡ ಮೇರುಮಣಿ. ಎರಡು ತಲೆಮಾರಿನ ಬೆವರು, ವಿಭೂತಿ, ಕೊಬ್ಬರಿ ಎಣ್ಣೆ ಸೇರಿ ಅದು ರುದ್ರಾಕ್ಷಿಯೋ ಸುಟ್ಟ ಬದನೆಕಾಯಿಯ ಚೂರೋ ತಿಳಿಯದಂತಾಗಿತ್ತು. ಮಳೆಗಾಲ ಬಂತೆಂದರೆ ಅದರ ಮೇಲೆ ಬೂಷ್ಟು. ಅತ್ತೆ ಅದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಜೊತೆಗೆ ನಾಲ್ಕು ಲವಂಗ ಇಟ್ಟು, ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದರು. ಒಂದು ವರ್ಷ ನಾನು ಬುದ್ಧಿವಂತಿಕೆ ಉಪಯೋಗಿಸಿ, ತೇವ ಹೀರಲಿ ಎಂದು ಹೊಸ ಚಪ್ಪಲಿಯ ಜೊತೆ ಬರುವ ಸಣ್ಣ ಬಿಳಿ ಪೊಟ್ಟಣವನ್ನು ಆ ಡಬ್ಬಿಗೆ ಹಾಕಿದೆ. ಅದು ಎಲ್ಲಿಂದ ಬಂದದ್ದೆಂದು ಗೊತ್ತಾದ ದಿನ ಅತ್ತೆ ಡಬ್ಬಿಯನ್ನೇ ಬದಲಾಯಿಸಿದರು. ‘ಚಪ್ಪಲಿ ಜೊತೆಗಾರನ್ನ ಶಿವನ ಹತ್ರ ಕೂರಿಸ್ತೀಯಲ್ಲೇ ಮಾರಾಯ್ತಿ!’ ಎಂದು ಒಂದು ವಾರ ಅಂದರು.

‘ಒಂದೇ ಒಂದು ಸಲ ತೊಳೆದು ಕೊಡ್ತೀನಿ ಅತ್ತೆ’ ಎಂದು ನಾನು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದೆ.

‘ಅದು ಕೊಳೆ ಅಲ್ಲ ಕಣೇ, ಜಪ. ಜಪ ಅಂಟ್ಕೊಂಡಿರೋದು. ನೀನು ಅದನ್ನೂ ತೊಳೆದು ಬಚ್ಚಲಿಗೆ ಬಿಡ್ತೀಯ.’

ಬೀರುವಿನ ಬೀಗದ ಕೈ ಮದುವೆಯಾದ ಮೂರನೇ ವರ್ಷವೇ ಕೊಟ್ಟಿದ್ದರು. ಉಪ್ಪಿನಕಾಯಿ ಜಾಡಿಗೆ ಕೈ ಹಾಕುವ ಅಧಿಕಾರ ಹತ್ತನೇ ವರ್ಷಕ್ಕೆ ಬಂತು. ಮಾಲೆಯನ್ನು ಮಾತ್ರ ಇಪ್ಪತ್ತಾರು ವರ್ಷ ನನ್ನ ಕೈಗೆ ಕೊಟ್ಟಿರಲಿಲ್ಲ.

ಆರು ವರ್ಷದ ಹಿಂದೆ, ಜನವರಿಯಲ್ಲಿ, ಅತ್ತೆಯ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಚಿಕ್ಕಮಗಳೂರಿನಲ್ಲಿ ಆಪರೇಷನ್, ಅಲ್ಲೇ ಮಗಳ ಮನೆಯಲ್ಲಿ ಶನಿವಾರದವರೆಗೆ ಇರುವುದು. ಡಾಕ್ಟರು ಮೊದಲೇ ಹೇಳಿದ್ದರು, ಎಣ್ಣೆ, ವಿಭೂತಿಯ ಕೈ ಕಣ್ಣಿನ ಹತ್ತಿರ ಸುಳಿಯಬಾರದು, ಆ ಮಾಲೆ ಐದು ದಿನ ಬೇಡವೇ ಬೇಡ ಎಂದು. ಸೋಮವಾರ ಬೆಳಿಗ್ಗೆ ಕಾರು ಹತ್ತುವಾಗ ಅತ್ತೆ ನನ್ನನ್ನು ಹತ್ತಿರ ಕರೆದು ಮಾಲೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

‘ಮಗಳ ಕೈಲೂ ಕೊಡ್ಲಿಲ್ಲ, ನಿನ್ನ ಕೈಲಿ ಕೊಡ್ತಿದೀನಿ. ಜ್ವಾಪಾನ. ತೊಳಿಬೇಡ.’

ನನಗೆ ಕಣ್ಣಲ್ಲಿ ನೀರು ಬಂತು. ಇಪ್ಪತ್ತಾರು ವರ್ಷಕ್ಕೆ ಒಮ್ಮೆ ನಂಬಿದರಲ್ಲ ಎಂಬ ಸಂತೋಷಕ್ಕೆ. ಕಾರು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವವರೆಗೆ ನಾನು ತಡೆದುಕೊಂಡೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಆಮೇಲೆ ಒಳಗೆ ಹೋಗಿ ನೀರು ಬಿಸಿಗಿಟ್ಟೆ.

ದಾರ ಲಡ್ಡಾಗಿ ಹೋಗಿತ್ತು. ಕತ್ತರಿಸಿ ಮಣಿಗಳನ್ನೆಲ್ಲ ಬೋಗುಣಿಯ ಉಗುರುಬೆಚ್ಚಗಿನ ನೀರಿಗೆ ಬಿಟ್ಟೆ. ಎಣಿಸಲಿಲ್ಲ. ಜಪಮಾಲೆ ಅಂದ ಮೇಲೆ ನೂರಾಎಂಟು, ಅದನ್ನೇನು ಎಣಿಸುವುದು? ದೇವರ ಮನೆಯ ಬ್ರಷ್ಷಿನಲ್ಲಿ ಒಂದೊಂದನ್ನೂ, ಒಂದೊಂದು ಸಂದಿಯನ್ನೂ ತಿಕ್ಕಿದೆ. ಮೊದಲನೇ ನೀರು ಟಾರಿನಂತಾಯಿತು. ಎರಡನೆಯದು ಕಷಾಯದ ಬಣ್ಣಕ್ಕೆ ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ಮೂರನೆಯ ನೀರು ತಿಳಿಯಾಗಿಯೇ ಉಳಿಯಿತು. ಒಳಗಿನಿಂದ ಒಳ್ಳೆ ಕಂದು ಬಣ್ಣದ ರುದ್ರಾಕ್ಷಿಗಳು ಹೊರಬಿದ್ದವು. ಆ ಹೊತ್ತಿನ ನನ್ನ ಸುಖವನ್ನು ತೊಳೆಯುವವರಷ್ಟೇ ಬಲ್ಲರು.

ರುದ್ರಾಕ್ಷಿಯನ್ನು ಬಿಸಿಲಿಗೆ ಒಡ್ಡಬಾರದು, ಬಿರಿಯುತ್ತದೆ. ಹಾಗಾಗಿ ಒಂದು ಮೊರದಲ್ಲಿ ಹರವಿ, ಕಣದ ಮೂಲೆಯಲ್ಲಿ ಗೋಡೆಯ ನೆರಳಿಗೆ ಇಟ್ಟೆ. ನಮ್ಮ ಕಡೆಯವರಿಗೆ ಒಣಗಿಸುವುದೆಂದರೆ ಕಣವೇ ತಾನೆ! ಹಪ್ಪಳವಿರಲಿ, ಮೆಣಸಿರಲಿ, ಮಳೆಯಲ್ಲಿ ನೆಂದ ಮಕ್ಕಳ ಪುಸ್ತಕವಿರಲಿ, ಕಾಲು ತಾನಾಗಿ ಕಣದ ಕಡೆಗೇ ಹೋಗುತ್ತದೆ. ಅಲ್ಲಿಗೆ ಬಿಟ್ಟು ಒಳಗೆ ಬಂದವಳು ಈ ಸಾಧನೆಯನ್ನು ಹೇಳಲು ತಂಗಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತಾಯಿತು. ಸ್ವಲ್ಪ ಅಂದರೆ ಒಂದೂವರೆ ಗಂಟೆ.

ಹೊರಗೆ ಬಂದು ನೋಡುತ್ತೇನೆ, ಮೊರ ಗೋಡೆಯ ಮೊಳೆಗೆ ನೇತಾಡುತ್ತಿದೆ. ಖಾಲಿ. ಕಣದ ಕಾಫಿಯನ್ನೆಲ್ಲ ಗುಡ್ಡೆ ಹಾಕಿ ಗಿರಿಜ ಟಾರ್ಪಾಲು ಹೊದಿಸುತ್ತಿದ್ದಾಳೆ. ಗಿರಿಜ ನಮ್ಮ ಕಣದ ಯಜಮಾನಿ. ನನಗಿಂತ ಮೊದಲಿನಿಂದ ಈ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಳೆ.

‘ಗಿರಿಜಾ, ಮೊರದಲ್ಲಿದ್ದಿದ್ದು ಎಲ್ಲಿ?’

‘ನೆಲದಲ್ಲಿ ಹೆಕ್ಕಿದ್ದಲ್ವ ಅಮ್ಮ? ನಾನೇ ಗುಡ್ಡೆಗೆ ಸೇರಿಸ್ದೆ.’

ಅವಳ ತಪ್ಪು ಒಂದು ಸಾಸಿವೆಯಷ್ಟೂ ಇರಲಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಗಿಡದಡಿ ಉದುರಿದ ಹಣ್ಣನ್ನು ಯಾರು ಯಾವಾಗ ಹೆಕ್ಕಿದರೂ ತಂದು ಹಾಕುವುದು ಕಣದ ಮೂಲೆಯ ಮೊರಕ್ಕೇ. ಸಂಜೆ ಗುಡ್ಡೆ ಹಾಕುವಾಗ ಅದನ್ನೂ ಸುರಿಯುವುದು, ಯಾರನ್ನೂ ಕೇಳುವುದಿಲ್ಲ. ಒಣಗಿದ ರೊಬಸ್ಟಾ ಹಣ್ಣೂ ನಮ್ಮತ್ತೆಯ ರುದ್ರಾಕ್ಷಿಯೂ ಒಂದೇ ಗಾತ್ರ, ಈಗಂತೂ ಒಂದೇ ಬಣ್ಣ. ಆ ಬಣ್ಣ ಬರಿಸಿದವಳು ನಾನೇ. ತೊಳೆಯದೆ ಬಿಟ್ಟಿದ್ದರೆ ಗಿರಿಜ ಆ ಕರಿ ಜಿಡ್ಡನ್ನು ಕಂಡು ಮುಟ್ಟುತ್ತಲೂ ಇರಲಿಲ್ಲ.

ವಿಷಯ ತಿಳಿದ ಗಿರಿಜ ಟಾರ್ಪಾಲಿನ ಮೇಲೆಯೇ ಕೂತುಬಿಟ್ಟಳು. ‘ದೊಡ್ಡಮ್ಮೋರು ಬಂದ್ರೆ ನಮ್ಮಿಬ್ರನ್ನೂ ಇದೇ ಗುಡ್ಡೇಲಿ ಹೂಳ್ತಾರೆ’ ಎಂದಳು. ಮಂಗಳವಾರ ಬೆಳಿಗ್ಗೆಯಿಂದ ನಾವಿಬ್ಬರೂ ಗುಡ್ಡೆಯನ್ನು ಮೊರ ಮೊರವಾಗಿ ತೆಗೆದು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸತೊಡಗಿದೆವು. ಮಧ್ಯಾಹ್ನದ ಹೊತ್ತಿಗೆ ಗಿರಿಜಳಿಗೆ ಉಪಾಯ ಹೊಳೆಯಿತು. ‘ಎಲ್ಲನೂ ನೀರಿನ ತೊಟ್ಟಿಗೆ ಹಾಕಾಣ ಅಮ್ಮ. ಕಾಫಿ ತೇಲುತ್ತೆ, ರುದ್ರಾಕ್ಷಿ ಮುಳುಗುತ್ತೆ.’ ಊಟಕ್ಕೆ ಬಂದಿದ್ದ ನಮ್ಮ ಯಜಮಾನರು ಇದನ್ನು ಕೇಳಿ, ‘ಹದಿನೈದು ದಿನ ಒಣಗಿಸಿದ ಕಾಫಿನ ನೀರಿಗೆ ಹಾಕ್ತೀರಾ? ನನ್ನನ್ನೂ ಹಾಕಿ ಅತ್ಲಾಗೆ!’ ಎಂದು ಕೂಗಿದರು. ಕೂಗಿದ ಮೇಲೆ ಕನ್ನಡಕ ಹಾಕಿಕೊಂಡು ಅವರೂ ಬಂದು ಕೂತರು. ತಾಯಿಯ ಭಯ ಮಕ್ಕಳಿಗೆ ಇನ್ನೂ ಹೆಚ್ಚು.

ಬುಧವಾರ ಸಂಜೆಗೆ ಮೇರುಮಣಿಯೂ ನೂರಾಏಳು ರುದ್ರಾಕ್ಷಿಯೂ ಸಿಕ್ಕಿದವು. ಉಳಿದದ್ದು ಒಂದೇ ಒಂದು. ಗುರುವಾರವಿಡೀ ಹುಡುಕಿದೆವು. ಗುಡ್ಡೆಯನ್ನು ಮೂರು ಸಲ ಆ ಕಡೆಯಿಂದ ಈ ಕಡೆಗೆ ಸುರಿದೆವು. ಬಚ್ಚಲ ಕೊಳವೆಗೆ ಕೈ ಹಾಕಿದೆ. ಪಕ್ಕದ ಮನೆಯ ಹುಂಜದ ಮೇಲೆ ಅನುಮಾನ ಬಂದು ಅದರ ಹಿಂದೆ ಅರ್ಧ ದಿನ ಏನನ್ನು ನಿರೀಕ್ಷಿಸುತ್ತ ಓಡಾಡಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಶುಕ್ರವಾರ ಬಸ್ಸು ಹತ್ತಿ ಮೂಡಿಗೆರೆಗೆ ಹೋಗಿ ಪೂಜೆ ಸಾಮಾನಿನ ಅಂಗಡಿಯಲ್ಲಿ ಕೇಳಿದೆ. ಅವನು ತೋರಿಸಿದ ರುದ್ರಾಕ್ಷಿ ನೆಲ್ಲಿಕಾಯಿಯಷ್ಟು ದಪ್ಪ, ಮೇಲೆ ವಾರ್ನಿಷ್ಷು. ಅದನ್ನು ಪೋಣಿಸಿದರೆ ಮುದುಕರ ಬಾಯಲ್ಲಿ ಚಿನ್ನದ ಹಲ್ಲು ಕಟ್ಟಿಸಿದಂತೆ ಕಾಣುತ್ತಿತ್ತು. ಬರಿಗೈಯಲ್ಲಿ ವಾಪಸ್ ಬಂದೆ. ಬಸ್ಸಿನಲ್ಲಿ ಕೂತು, ಇಪ್ಪತ್ತಾರು ವರ್ಷ ಕಾದು ಸಿಕ್ಕಿದ ನಂಬಿಕೆಯನ್ನು ಒಂದು ಬೋಗುಣಿ ನೀರಿನಲ್ಲಿ ಕಳೆದೆನಲ್ಲ ಎಂದು ನಿಜವಾಗಿಯೂ ಅತ್ತುಬಿಟ್ಟೆ.

ಶನಿವಾರ ಬೆಳಿಗ್ಗೆ ಗಿರಿಜ ಒಂದು ಒಣಗಿದ ಕಾಫಿ ಹಣ್ಣನ್ನು ನನ್ನ ಮುಂದಿಟ್ಟಳು. ಗುಡ್ಡೆಯಲ್ಲೆಲ್ಲ ಹುಡುಕಿ ಆರಿಸಿದ್ದು, ಸುಕ್ಕು ಸುಕ್ಕಾಗಿ ಥೇಟ್ ರುದ್ರಾಕ್ಷಿಯಂತೆ ಇತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ದಬ್ಬಳ ಕಾಯಿಸಿ ತೂತು ಮಾಡಿದೆವು. ಹೊಸ ದಾರದಲ್ಲಿ ಎಲ್ಲವನ್ನೂ ಪೋಣಿಸಿ, ಕಾಫಿ ಹಣ್ಣನ್ನು ಮೇರುಮಣಿಯಿಂದ ಎರಡು ಕಡೆಗೂ ದೂರವಾಗುವಂತೆ ಸರಿಯಾಗಿ ಮಧ್ಯಕ್ಕೆ ಹಾಕಿದೆವು. ಆದರೆ ಮಾಲೆ ಫಳಫಳ ಹೊಳೆಯುತ್ತಿತ್ತಲ್ಲ! ಆಗ ನಾನು, ತೊಳೆಯಲೆಂದೇ ಹುಟ್ಟಿದ ನಾನು, ಕೊಬ್ಬರಿ ಎಣ್ಣೆ, ವಿಭೂತಿ, ಬಚ್ಚಲೊಲೆಯ ಮಸಿ ಮೂರನ್ನೂ ಅಂಗೈಯಲ್ಲಿ ಕಲಸಿ ನೂರಾಎಂಟಕ್ಕೂ ಒಂದೊಂದಾಗಿ ಕೊಳೆ ಹಚ್ಚಿದೆ. ಜೀವನದಲ್ಲಿ ಅದೊಂದೇ ಸಲ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ‘ನಿಮ್ಮಪ್ಪ ಇದನ್ನ ನೋಡ್ಬೇಕಿತ್ತು’ ಎಂದರು.

ಅತ್ತೆ ಬಂದರು, ಕಪ್ಪು ಕನ್ನಡಕ ಹಾಕಿಕೊಂಡು. ಮಾಲೆ ಕೇಳಿದರು. ಕೊಟ್ಟೆ. ಕಣ್ಣಿಗೆ ಒತ್ತಿಕೊಳ್ಳುವಂತಿಲ್ಲವಲ್ಲ, ಮೂಗಿನ ಹತ್ತಿರ ಹಿಡಿದು ಮೂಸಿದರು. ಸಂಜೆ ಕೈ ತೊಳೆದು ಬೆತ್ತದ ಕುರ್ಚಿಯಲ್ಲಿ ಕೂತು ಜಪ ಶುರು ಮಾಡಿದರು. ನಾನು ಅಡುಗೆಮನೆಯಲ್ಲಿ, ಗಿರಿಜ ಕಣದಲ್ಲಿ, ಇಬ್ಬರೂ ಮನಸ್ಸಿನಲ್ಲೇ ಎಣಿಸುತ್ತಿದ್ದೆವು. ಸುಮಾರು ಮಧ್ಯಕ್ಕೆ ಬಂದಾಗ ಜಪ ನಿಂತಿತು. ಕಣದಲ್ಲಿ ಕಾಫಿ ಗುಡ್ಡೆ ಹಾಕುವ ಸದ್ದೂ ನಿಂತಿತು.

‘ಹುಡುಗೀ.’ ನನಗಾಗ ಐವತ್ತು ವರ್ಷ, ಅತ್ತೆಗೆ ನಾನು ಇಂದಿಗೂ ಹುಡುಗಿ.

‘ಏನತ್ತೆ?’

‘ಕಾಫಿ ತಾ.’

ತಂದುಕೊಟ್ಟೆ. ಲೋಟ ಕೆಳಗಿಟ್ಟು ಜಪ ಮುಂದುವರಿಸಿದರು. ಕಣದಲ್ಲಿ ಗುಡ್ಡೆ ಹಾಕುವ ಸದ್ದೂ ಮುಂದುವರಿಯಿತು.

ಆದರೆ ಕಷ್ಟ ಇನ್ನೂ ಬಾಕಿ ಇತ್ತು. ಕಣ್ಣು ವಾಸಿಯಾಗಬೇಕಿತ್ತಲ್ಲ! ದಿನಕ್ಕೆ ನಾಲ್ಕು ಸಲ ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕುವವಳು ನಾನೇ. ನನ್ನ ಗುಟ್ಟನ್ನು ರಟ್ಟು ಮಾಡುವ ಔಷಧವನ್ನು ನಾನೇ ತೊಟ್ಟು ತೊಟ್ಟಾಗಿ ಬಿಡಬೇಕು. ಒಂದು ತಿಂಗಳಲ್ಲಿ ಅತ್ತೆಯ ಕಣ್ಣು ಎಷ್ಟು ಚುರುಕಾಯಿತೆಂದರೆ ಜಗಲಿಯಲ್ಲಿ ಕೂತೇ ಸೂರಿನ ಜೇಡರಬಲೆ ಎಣಿಸಿದರು, ಮಗನ ಮೀಸೆಯ ಬಿಳಿ ಕೂದಲು ತೋರಿಸಿದರು, ಗಿರಿಜಳ ಮೂಗುಬೊಟ್ಟಿನ ಕಲ್ಲು ಬಿದ್ದಿದೆ ಎಂದರು. ಬೆರಳಲ್ಲೇ ತಿರುಗುವ ಕಾಫಿ ಹಣ್ಣು ಮಾತ್ರ ಕಾಣಲಿಲ್ಲ. ಪ್ರತಿ ಸಲ ಮಧ್ಯಕ್ಕೆ ಬಂದಾಗ ಜಪ ಒಂದು ಗಳಿಗೆ ನಿಲ್ಲುತ್ತಿತ್ತು, ‘ಕಾಫಿ ತಾ’ ಎನ್ನುತ್ತಿದ್ದರು. ವಯಸ್ಸಾಯಿತು, ಒಂದೇ ಸಮ ಜಪ ಮಾಡಲು ಆಯಾಸ ಎಂದುಕೊಂಡೆ. ಶಿವ ನನ್ನ ಪಕ್ಷ ಎಂದುಕೊಂಡೆ. ಹೀಗೆ ಆರು ವರ್ಷ ನಡೆಯಿತು.

ಹೋದ ತಿಂಗಳು ಆಪರೇಷನ್ ಟೇಬಲ್ಲಿನ ಸರದಿ ನನ್ನದಾಯಿತು. ಪಿತ್ತಕೋಶದಲ್ಲಿ ಕಲ್ಲು. ‘ಸಣ್ಣ ಆಪರೇಷನ್’ ಎಂದು ಎಲ್ಲರೂ ಹೇಳಿದರು. ಹೇಳುವವರಿಗೆ ಸಣ್ಣದು. ನನಗೆ ಹೆದರಿಕೆಯಾಗಿತ್ತು. ಹೆದರಿಕೆಗೆ ಹೊರಡುವ ಹಿಂದಿನ ದಿನ ಮನೆಯ ಪರದೆಗಳನ್ನೆಲ್ಲ ತೊಳೆದು ಹಾಕಿದ್ದೆ. ಬೆಳಿಗ್ಗೆ ಕಾರು ಬಂದಾಗ ಅತ್ತೆ ಜಗಲಿಗೆ ಕರೆದರು. ಈಗ ಎಂಬತ್ತೆರಡು ಅವರಿಗೆ. ಸೆರಗಿನ ತುದಿಯ ಗಂಟನ್ನು ನಿಧಾನವಾಗಿ ಬಿಚ್ಚಿ, ಒಳಗಿದ್ದದ್ದನ್ನು ನನ್ನ ಅಂಗೈಗೆ ಹಾಕಿದರು. ಒಂದು ರುದ್ರಾಕ್ಷಿ. ಕಪ್ಪಗೆ, ಜಿಡ್ಡಾಗಿ, ಆ ಮಾಲೆ ಮೊದಲು ಹೇಗಿತ್ತೋ ಹಾಗೆ.

‘ಇದು... ಇದು ಎಲ್ಲಿತ್ತು ಅತ್ತೆ?’

‘ಎಲ್ಲಿರುತ್ತೆ? ನನ್ನ ಸೆರಗಲ್ಲಿತ್ತು. ಕಣ್ಣಿನ ಆಪರೇಷನ್‌ಗೆ ಹೋಗೋವಾಗ ನಂಗೂ ಹೆದ್ರಿಕೆ ಆಗಿತ್ತು ಕಣೇ. ಮಾಲೆ ತರಬೇಡಿ ಅಂದಿದ್ರು ಡಾಕ್ಟ್ರು. ಒಂದಾದ್ರೂ ಜೊತೇಲಿರ್ಲಿ ಅಂತ ದಾರ ಬಿಚ್ಚಿ ತಗೊಂಡು ಮತ್ತೆ ಗಂಟು ಹಾಕಿದ್ದೆ. ನಿನ್ನ ಕೈಲಿ ಕೊಟ್ಟಿದ್ದು ನೂರಾಏಳು.’

ಕಣದ ಗುಡ್ಡೆ, ಹುಂಜ, ಮೂಡಿಗೆರೆ ಬಸ್ಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇಲ್ಲದ ರುದ್ರಾಕ್ಷಿಗಾಗಿ ಎರಡು ದಿನ ಹುಡುಕಿದ್ದೆ.

‘ವಾಪಸ್ ಬಂದು ಎಣಿಸ್ತೀನಿ, ನೂರಾಎಂಟಿದೆ!’ ಅತ್ತೆಗೆ ನಗು ತಡೆಯಲಾಗಲಿಲ್ಲ. ‘ಬೆರಳಿಗೆ ಗೊತ್ತಾಗಲ್ವೇನೇ? ತೊಳೆದಿದೀಯ ಅಂತ ಮೂಸಿದ ತಕ್ಷಣ ಗೊತ್ತಾಯ್ತು. ನಡುವೆ ಕಾಫಿಕಾಯಿ ಸಿಕ್ಕಾಗ ಬೈಯಾಣ ಅಂತಲೇ ನಿನ್ನ ಕರ್ದೆ. ನಿನ್ನ ಮುಖ ನೋಡಿದ್ರೆ ಬೆಳ್ಳಗಾಗಿತ್ತು. ನಾನೂ ಒಂದು ಕದ್ದಿದ್ನಲ್ಲ, ಏನಂತ ಬೈಯ್ಲಿ? ಕಾಫಿ ತಾ ಅಂದೆ.’

‘ಮತ್ತೆ ಆರು ವರ್ಷ...’

‘ಒಣಗಿದ ಕಾಯಿ, ಜೋರಾಗಿ ಎಳೆದ್ರೆ ಒಡೆದು ಹೋಗುತ್ತೆ. ಒಡೆದ್ರೆ ನೀನು ಸಿಕ್ಕಿಬೀಳ್ತೀಯ. ಅದಕ್ಕೇ ಅಲ್ಲಿಗೆ ಬಂದಾಗ ಮೆಲ್ಲಗೆ ದಾಟಿಸ್ತೀನಿ.’

ನಾನು ಅವರ ಕೈ ಹಿಡಿದುಕೊಂಡೆ. ಈ ನಿಜವಾದ್ದನ್ನು ಮಾಲೆಗೆ ಹಾಕಿ ಕಾಫಿಯನ್ನು ತೆಗೆದುಬಿಡುತ್ತೇನೆ ಎಂದೆ.

‘ಬೇಡ. ಅದು ಆರು ವರ್ಷ ಓಂ ನಮಃ ಶಿವಾಯ ಕೇಳಿದೆ, ಇನ್ನು ಅದನ್ನ ಕಾಫಿ ಅನ್ಬೇಡ. ಇದು ನಿನ್ನ ಹತ್ರ ಇರ್ಲಿ. ಹೋಗ್ಬಾ, ಏನೂ ಆಗಲ್ಲ.’ ಕಾರು ಹೊರಟ ಮೇಲೆ ಗೇಟಿನವರೆಗೆ ಕೇಳುವಂತೆ ಕೂಗಿದರು. ‘ತೊಳಿಬೇಡ!’

ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋಗುವ ಮುಂಚೆ ತಾಳಿಸರ, ಬಳೆ ಎಲ್ಲ ತೆಗೆಸಿದರು. ಮುಷ್ಟಿ ಬಿಗಿಹಿಡಿದಿದ್ದನ್ನು ಕಂಡ ನರ್ಸು, ‘ಕೈಯಲ್ಲೇನಮ್ಮ?’ ಎಂದಳು. ಬಾಯಿತಪ್ಪಿ ‘ಕಾಫಿ’ ಎಂದುಬಿಟ್ಟೆ. ‘ನಾಳೆವರೆಗೂ ಕಾಫಿ ಇಲ್ಲ’ ಎಂದು ಅವಳು ಬೆರಳು ಬಿಡಿಸಿ ನೋಡಿ, ನಕ್ಕು, ಅದನ್ನು ಯಜಮಾನರ ಜೇಬಿಗೆ ಹಾಕಿ ಬಂದಳು. ಎಚ್ಚರವಾದಾಗ ಅದು ಮತ್ತೆ ನನ್ನ ಅಂಗೈಯಲ್ಲಿತ್ತು.

ಈಗ ಅದನ್ನು ಎಲ್ಲಿಡುವುದೆಂಬುದೇ ಪ್ರಶ್ನೆಯಾಗಿದೆ. ಅತ್ತೆಯಂತೆ ಸೆರಗಿನಲ್ಲಿ ಕಟ್ಟಿಕೊಳ್ಳೋಣವೆಂದರೆ ನಾನು ಮನೆಯಲ್ಲಿ ಉಡುವುದು ನೈಟಿ, ಅದಕ್ಕೆ ಸೆರಗೆಲ್ಲಿ? ಡಬ್ಬಿಗೆ ಹಾಕಿದರೆ ಮಳೆಗಾಲಕ್ಕೆ ಬೂಷ್ಟು. ಹಾಗಾಗಿ ಮೂರು ವಾರದಿಂದ ಮೇಜಿನ ಮೇಲೇ ಇದೆ, ಎದುರಿಗೆ ಬ್ರಷ್ಷು. ಎಷ್ಟು ಸಲ ಕೈ ಆ ಕಡೆ ಹೋಯಿತೋ ಲೆಕ್ಕವಿಲ್ಲ. ಅದರ ಸಂದಿಯಲ್ಲಿರುವುದು ಅತ್ತೆಯ ಅತ್ತೆಯ ಜಪವೋ, ನಮ್ಮತ್ತೆಯ ಹೆದರಿಕೆಯೋ, ನನ್ನ ಅಂಗೈಯ ಬೆವರೋ ಬೇರೆ ಮಾಡಲು ಬರುವುದಿಲ್ಲ. ಇದನ್ನು ಬರೆಯುತ್ತಿರುವಾಗಲೇ ಜಗಲಿಯ ಜಪ ನಿಂತಿತು.

‘ಹುಡುಗೀ, ಕಾಫಿ ತಾ.’

ಮಧ್ಯಕ್ಕೆ ಬಂದಿದ್ದಾರೆ. ರುದ್ರಾಕ್ಷಿಯನ್ನು ಹಾಗೇ, ಇದ್ದ ಕೊಳೆಯ ಸಮೇತ, ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡು, ಬ್ರಷ್ಷನ್ನು ಬರ್ನರಿನ ಕೆಲಸಕ್ಕೆ ಎತ್ತಿಕೊಂಡು, ಹಾಲು ಬಿಸಿಗಿಡಲು ಎದ್ದೆ.